ಬಂದಾಗ ಜೀವ ಇತ್ತು

ಗೊಂಬೆಯ ಪೆಟ್ಟಿಗೆಯನ್ನು ಜೀಪಿನಿಂದ ಇಳಿಸಿ ಸಭಾಂಗಣಕ್ಕೆ ಹೊತ್ತವಳು ಸತ್ಯವ್ವ. ಸಂಜೆ ಅದನ್ನು ಮತ್ತೆ ಜೀಪಿಗೆ ಹೊತ್ತವಳೂ ಅವಳೇ. ನಡುವಿನ ಹೊತ್ತಿನಲ್ಲಿ ಹದಿನಾಲ್ಕು ಜನ ಆ ಗೊಂಬೆಯ ಎದೆಯ ಮೇಲೆ ಬೆರಳಿಟ್ಟು ಅದುಮಿದರು. ಸತ್ಯವ್ವ ಅದುಮಲಿಲ್ಲ.

ಅವಳು ಆಯಾ ಅಲ್ಲ. ಹಮಾಲಿ ಮಾಡುವವಳೂ ಅಲ್ಲ. ನರ್ಸು. ಸತ್ಯವ್ವ ಮಾದರ, ಊರು ಮುನವಳ್ಳಿ, ವಯಸ್ಸು ಮೂವತ್ತೊಂದು. ಮೂರು ವರ್ಷ ಓದಿ, ಪರೀಕ್ಷೆ ಪಾಸಾಗಿ, ಗುತ್ತಿಗೆಯ ಮೇಲೆ ಸೇರಿ ಐದು ವರ್ಷವಾಗಿತ್ತು. ಸವದತ್ತಿಯಿಂದ ರಾಮದುರ್ಗಕ್ಕೆ ಹೋಗುವ ರಸ್ತೆಯ ಮೇಲಿನ ಒಂದು ಸಣ್ಣ ಊರಿನ ಸರ್ಕಾರಿ ಆಸ್ಪತ್ರೆ ಅದು. ಮೂವತ್ತು ಹಾಸಿಗೆ. ಅದರಲ್ಲಿ ಆರು ಮಕ್ಕಳವು. ಆ ಆರು ಹಾಸಿಗೆಗಳ ಹತ್ತಿರ ಐದು ವರ್ಷದಲ್ಲಿ ಸತ್ಯವ್ವ ನಿಂತಷ್ಟು ಹೊತ್ತು ಬೇರೆ ಯಾರೂ ನಿಂತಿಲ್ಲ. ಎಳೆ ಮಕ್ಕಳ ಕೈಯ ನರ ಸಿಗುವುದು ಕಷ್ಟ. ಸತ್ಯವ್ವನಿಗೆ ಸಿಗುತ್ತಿತ್ತು. ಕಾಯಂ ನರ್ಸುಗಳು ಸೂಜಿ ಹಿಡಿದು ಸೋತು, ಕಡೆಗೆ ಅವಳನ್ನೇ ಕರೆಯುತ್ತಿದ್ದರು. ಸೂಜಿ ಹಾಕಲು ಅವಳು ಬೇಕು. ಹೇಸಿಗೆ ಬಳಿಯಲು ಅವಳು ಬೇಕು. ಚಹಾ ಕುಡಿಯುವಾಗ ಮಾತ್ರ ಅವಳ ಕಪ್ಪು ಕಿಟಕಿಯ ಕಟ್ಟೆಯ ಮೇಲೆ ಬೇರೆ ಇರುತ್ತಿತ್ತು.

ತರಬೇತಿ ವರ್ಷಕ್ಕೊಮ್ಮೆ ಬರುತ್ತಿತ್ತು. ಉಸಿರು ನಿಂತ ಮಗುವನ್ನು, ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡ ಮಗುವನ್ನು, ಫಿಟ್ಸ್ ಬಂದ ಮಗುವನ್ನು ಮೊದಲ ಐದು ನಿಮಿಷದಲ್ಲಿ ಹೇಗೆ ಉಳಿಸಬೇಕು ಎಂದು ಕಲಿಸುವ ಎರಡು ದಿನದ ತರಬೇತಿ. ಬೆಳಗಾವಿಯಿಂದ ಡಾಕ್ಟರು ಬರುತ್ತಿದ್ದರು. ಜೊತೆಗೆ ರಬ್ಬರಿನ ಕೂಸು ಬರುತ್ತಿತ್ತು.

ಮೂರು ವರ್ಷದ ಹಿಂದೆ ಮೊದಲ ಸಲ ಬಂದಾಗ ಸತ್ಯವ್ವನ ಹೆಸರೂ ಪಟ್ಟಿಯಲ್ಲಿತ್ತು. ಅವಳು ಹಿಂದಿನ ದಿನವೇ ಸಮವಸ್ತ್ರ ಒಗೆದು ಇಸ್ತ್ರಿ ಮಾಡಿಟ್ಟಿದ್ದಳು. ಓದುವಾಗ ಪುಸ್ತಕದಲ್ಲಿ ಅದರ ಬಗ್ಗೆ ನಾಲ್ಕು ಸಾಲು ಇತ್ತು. ಬಾಯಿಪಾಠ ಮಾಡಿದ್ದಳು. ಕೈಯಿಂದ ಮಾಡಿರಲಿಲ್ಲ. ಕೈಗೆ ಬರದ ವಿದ್ಯೆ ಮಗುವಿನ ಮುಂದೆ ನೆನಪಿಗೆ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಬೆಳಗಾವಿಯ ಡಾಕ್ಟರಮ್ಮ ಗೊಂಬೆಯನ್ನು ಮೇಜಿನ ಮೇಲೆ ಮಲಗಿಸಿದರು. ಗೊಂಬೆಯ ಬಾಯಿ ಮೂಗು ಎರಡನ್ನೂ ತಮ್ಮ ಬಾಯಿಂದ ಮುಚ್ಚಿ ಮೆಲ್ಲಗೆ ಊದಿದರು. ಗೊಂಬೆಯ ಎದೆ ಎದ್ದಿತು. ಒಬ್ಬೊಬ್ಬರೇ ಬಂದು ಹೀಗೆ ಮಾಡಬೇಕು, ಒಬ್ಬರು ಮಾಡಿದ ಮೇಲೆ ಸ್ಪಿರಿಟ್ಟಿನಿಂದ ಒರೆಸಬೇಕು ಎಂದರು. ಎಲ್ಲರೂ ಸಾಲಾಗಿ ನಿಂತರು. ಸತ್ಯವ್ವ ನಾಲ್ಕನೆಯವಳು. ಅವಳ ಹಿಂದೆ ಹತ್ತು ಜನ.

ಸಾಲು ಮುಂದೆ ಸರಿಯಲಿಲ್ಲ. ಹಿಂದಿದ್ದವರು ಪಿಸುಗುಟ್ಟಿದರು. ಯಾರೋ ನಕ್ಕರು. ಯಾರೋ ಸಾಲು ಬಿಟ್ಟು ಮುಂದೆ ಹೋದರು. ಆಗ ಹಿರಿಯ ನರ್ಸು ಅನ್ನಪೂರ್ಣಾ ಬಂದು ಸತ್ಯವ್ವನ ರಟ್ಟೆ ಮುಟ್ಟದೆ, ತೋಳಿನ ಬಟ್ಟೆಯನ್ನಷ್ಟೇ ಹಿಡಿದು, "ನೀ ಕಡೀಕ ನಿಂದ್ರು, ಸತ್ಯವ್ವಾ," ಎಂದಳು.

ಸತ್ಯವ್ವ ಕಡೆಗೆ ನಿಂತಳು. ಅವಳ ಸರದಿ ಬರುವ ಹೊತ್ತಿಗೆ ಊಟದ ಹೊತ್ತಾಯಿತು. ಊಟ ಮುಗಿದ ಮೇಲೆ ಡಾಕ್ಟರಮ್ಮ ಬೇರೆ ಪಾಠ ಶುರು ಮಾಡಿದರು. ಅವರಿಗೆ ಏನೂ ಗೊತ್ತಾಗಲಿಲ್ಲ. ಮರುದಿನ ಸತ್ಯವ್ವನನ್ನು ವಾರ್ಡಿಗೆ ಹಾಕಿದರು.

ಯಾರೂ ಜಾತಿಯ ಹೆಸರು ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ. ಸ್ಪಿರಿಟ್ ಇತ್ತು. ಹತ್ತಿ ಇತ್ತು. ಎಲ್ಲ ರೋಗದ ಕ್ರಿಮಿಯನ್ನೂ ಕೊಲ್ಲುವ ಸ್ಪಿರಿಟ್ ಅದು. ಸತ್ಯವ್ವನ ಬಾಯಿಗೆ ಅದು ಸಾಲಲಿಲ್ಲ.

ಮುಂದಿನ ಎರಡು ವರ್ಷ ಅವಳ ಹೆಸರು ಪಟ್ಟಿಗೆ ಬರಲಿಲ್ಲ. ನಾಲ್ಕನೆಯ ವರ್ಷ ಜನವರಿಯಲ್ಲಿ ಅವಳೇ ಅನ್ನಪೂರ್ಣಾಳ ಹತ್ತಿರ ಹೋಗಿ ಕೇಳಿದಳು. ಅನ್ನಪೂರ್ಣಾ ಮುಖ ಎತ್ತದೆ, ಎಲ್ಲರೂ ಒಳಗೆ ಕುಳಿತರೆ ವಾರ್ಡು ನೋಡುವವರು ಯಾರು ಎಂದು ಕೇಳಿದಳು. ವಾರ್ಡಿನಲ್ಲಿ ನಾಲ್ಕು ಮಕ್ಕಳಿಗೆ ಸಲೈನು ಹಚ್ಚಿತ್ತು. ಸತ್ಯವ್ವ ವಾರ್ಡು ನೋಡಿದಳು. ಪೆಟ್ಟಿಗೆ ಹೊತ್ತಳು.

ಆ ಸಲ ತರಬೇತಿಯ ಜೊತೆಗೆ ಒಂದು ಹೊಸ ಸಾಮಾನಿನ ಪೆಟ್ಟಿಗೆಯೂ ಬಂತು. ಮಕ್ಕಳ ಮುಖಕ್ಕೆ ಹೊಂದುವ ಸಣ್ಣ ಮಾಸ್ಕು, ಕೈಯಿಂದ ಹಿಚುಕಿ ಉಸಿರು ಕೊಡುವ ರಬ್ಬರಿನ ಚೀಲ, ಗಂಟಲಿನಿಂದ ಕಫ ಎಳೆಯುವ ಸಣ್ಣ ನಳಿಗೆ. ಅದನ್ನು ಅನ್ನಪೂರ್ಣಾಳ ಕೋಣೆಯ ಗಾಜಿನ ಬೀರುವಿನಲ್ಲಿಟ್ಟು ಕೀಲಿ ಹಾಕಿದರು. ತಪಾಸಣೆಗೆ ಬಂದವರಿಗೆ ಚೆನ್ನಾಗಿ ಕಾಣುತ್ತಿತ್ತು.

ಅಕ್ಟೋಬರ್ ತಿಂಗಳು. ಹೊಲದಲ್ಲಿ ಶೇಂಗಾ ಕಿತ್ತು ಬಳ್ಳಿಯಿಂದ ಕಾಯಿ ಹರಿಯುವ ಸುಗ್ಗಿ. ಒಂದು ದಿನ ಮಧ್ಯಾಹ್ನ ದೊಡ್ಡ ಡಾಕ್ಟರು ರಾಮದುರ್ಗಕ್ಕೆ ಮೀಟಿಂಗಿಗೆ ಹೋಗಿದ್ದರು. ಅನ್ನಪೂರ್ಣಾ ಸವದತ್ತಿಗೆ ಹೋಗಿದ್ದಳು. ಬೀರುವಿನ ಕೀಲಿ ಅವಳ ಪರ್ಸಿನಲ್ಲಿತ್ತು. ಇನ್ನೊಬ್ಬ ನರ್ಸು ಹೆರಿಗೆ ಕೋಣೆಯಲ್ಲಿದ್ದಳು. ಮಕ್ಕಳ ವಾರ್ಡಿನಲ್ಲಿ ಸತ್ಯವ್ವ ಮತ್ತು ಆಯಾ ಚನ್ನವ್ವ.

ಹೊರಗೆ ಮೋಟರ್‌ಸೈಕಲ್ ಬಿದ್ದ ಸಪ್ಪಳವಾಯಿತು. ನಿಲ್ಲಿಸುವಷ್ಟೂ ವ್ಯವಧಾನವಿಲ್ಲದೆ ಗಾಡಿಯನ್ನು ಕೆಡವಿ ಒಬ್ಬ ಗಂಡಸು ಓಡಿ ಬಂದ. ಅವನ ಹಿಂದೆ ಒಬ್ಬ ಹೆಂಗಸು. ಅವಳ ಸೀರೆಗೆ, ಮೊಣಕೈಗೆ ಶೇಂಗಾ ಹೊಲದ ಕೆಂಪು ಮಣ್ಣು. ಎದೆಗೆ ಅವಚಿದ ಕೂಸು. ಹತ್ತು ತಿಂಗಳದ್ದು. ಆಮೇಲೆ ಗೊತ್ತಾದ ಹೆಸರುಗಳು ಇವು: ಗಂಡ ಲಗಮಪ್ಪ, ಹೆಂಡತಿ ಶಟ್ಟೆವ್ವ, ಕೂಸು ಮುತ್ತಪ್ಪ. ಮೂರು ಮೈಲಿ ದೂರದ ಹೊಳೆದಂಡೆಯ ಊರಿನವರು. ಮಂದಿಯ ಹೊಲದಲ್ಲಿ ಕೂಲಿ ಮಾಡುವವರು.

"ಬಾಯಾರ, ಕೂಸು ಉಸರಾಡವಲ್ದು," ಎಂದಳು ಶಟ್ಟೆವ್ವ.

ಏನು ನುಂಗಿದೆ ಎಂದು ಸತ್ಯವ್ವ ಕೇಳಿದಳು. ಶೇಂಗಾ ಬೀಜ. ತಾಯಿ ಕಾಯಿ ಹರಿಯುತ್ತಿದ್ದಾಗ ಮಗ್ಗುಲಲ್ಲಿ ಕೂತಿದ್ದ ಕೂಸು ಬಾಯಿಗೆ ಹಾಕಿಕೊಂಡಿತ್ತು. ದಾರಿಯುದ್ದಕ್ಕೂ ಕೆಮ್ಮುತ್ತಿತ್ತು, ಗೇಟಿನ ಹತ್ತಿರ ಕೆಮ್ಮು ನಿಂತಿತ್ತು.

ಕೂಸಿನ ಮುಖ ನೀಲಿಗಟ್ಟಿತ್ತು. ಬಾಯಿ ತೆರೆದಿತ್ತು. ಅಳು ಇಲ್ಲ, ಕೆಮ್ಮು ಇಲ್ಲ, ಸದ್ದೇ ಇಲ್ಲ. ಆದರೆ ಕಾಲು ಒದೆಯುತ್ತಿತ್ತು. ಎಡಗೈ ತಾಯಿಯ ಕೊರಳಿನ ದಾರವನ್ನು ಬಿಗಿಯಾಗಿ ಹಿಡಿದಿತ್ತು. ಸತ್ಯವ್ವ ಆ ಬೆರಳುಗಳನ್ನು ಬಿಡಿಸಿ ಕೂಸನ್ನು ತೆಗೆದುಕೊಳ್ಳಬೇಕಾಯಿತು.

ಹಾಸಿಗೆಯ ಮೇಲೆ ಅಂಗಾತ ಮಲಗಿಸಿದಳು. ಚನ್ನವ್ವನನ್ನು ಬೀರುವಿನ ಕಡೆಗೆ ಓಡಿಸಿದಳು. ಕೂಸಿನ ಬಾಯಿ ಅಗಲಿಸಿ ನೋಡಿದಳು. ಏನೂ ಕಾಣಲಿಲ್ಲ. ತೋರುಬೆರಳನ್ನು ಒಳಗೆ ಹಾಕಿದಳು. ಬೆರಳ ತುದಿಗೆ ಏನೋ ನುಣ್ಣಗೆ ತಾಗಿತು. ಅದನ್ನು ಕೊಕ್ಕೆ ಹಾಕಿ ಎಳೆಯಲು ಹೋದಳು. ಅದು ಜಾರಿತು. ಒಳಗೆ ಹೋಯಿತು.

ಕಾಲು ಒದೆಯುವುದು ನಿಂತಿತು.

ಚನ್ನವ್ವ ಬಾಗಿಲಲ್ಲಿ ನಿಂತು ಬೀರುವಿಗೆ ಕೀಲಿ ಹಾಕಿದೆ ಎಂದಳು. ಸತ್ಯವ್ವ ಓಡಿದಳು. ಸಲೈನು ತೂಗುಹಾಕುವ ಕಬ್ಬಿಣದ ಸ್ಟ್ಯಾಂಡನ್ನು ಎತ್ತಿ ಗಾಜಿಗೆ ಹೊಡೆದಳು. ಗಾಜಿನಲ್ಲಿ ಕೈ ಹಾಕಿ ಪೆಟ್ಟಿಗೆ ಎಳೆದಳು. ಮುಂಗೈ ಸೀಳಿತು. ಸಣ್ಣ ಮಾಸ್ಕು ಇನ್ನೂ ಪ್ಲಾಸ್ಟಿಕ್ಕಿನಲ್ಲೇ ಇತ್ತು. ಹಲ್ಲಿನಿಂದ ಹರಿದಳು. ಕೂಸಿನ ಮುಖಕ್ಕೆ ಹಿಡಿದು ಚೀಲ ಹಿಚುಕಿದಳು. ಎದೆ ಏಳಲಿಲ್ಲ. ಮಾಸ್ಕು ಸರಿಯಾಗಿ ಕೂತಿಲ್ಲವೋ, ಗಂಟಲು ಕಟ್ಟಿದೆಯೋ, ಅವಳಿಗೆ ತಿಳಿಯಲಿಲ್ಲ. ಎದೆಯ ಮೇಲೆ ಎರಡು ಬೆರಳಿಟ್ಟು ಅದುಮಿದಳು. ಎಷ್ಟು ಆಳಕ್ಕೆ, ಎಷ್ಟು ಬೇಗ, ಎಷ್ಟು ಸಲಕ್ಕೆ ಒಂದು ಉಸಿರು? ನಾಲ್ಕು ಸಾಲು ಬಾಯಿಪಾಠ ಬರುತ್ತಿತ್ತು. ಒಂದು ಸಾಲೂ ಬರಲಿಲ್ಲ. ಅವಳ ಮುಂಗೈಯ ರಕ್ತ ಕೂಸಿನ ಅಂಗಿಯ ಮೇಲೆ ಬಿತ್ತು.

ಇಪ್ಪತ್ತೈದು ನಿಮಿಷ ಅದುಮಿದಳು. ಹೆರಿಗೆ ಕೋಣೆಯಿಂದ ಇನ್ನೊಬ್ಬ ನರ್ಸು ಬಂದು ಕೈ ಹಿಡಿದು ನಿಲ್ಲಿಸಿದಳು.

ಶಟ್ಟೆವ್ವ ಅಳಲಿಲ್ಲ. ಹಾಸಿಗೆಯ ಹತ್ತಿರ ಬಂದು, ಕೂಸಿನ ಕಾಲನ್ನು ಹಿಡಿದು ಅಲ್ಲಾಡಿಸಿದಳು. ಅದು ತಾನಾಗಿ ಅಲ್ಲಾಡುವುದೇನೋ ಎಂದು ಕಾದಳು. ಮತ್ತೆ ಅಲ್ಲಾಡಿಸಿದಳು.

ಸಂಜೆ ಐದಕ್ಕೆ ದೊಡ್ಡ ಡಾಕ್ಟರು ಬಂದರು. ಆಗಲೇ ಹೊಳೆದಂಡೆಯ ಊರಿನಿಂದ ಮೂವತ್ತು ನಲವತ್ತು ಜನ ಬಂದು ಗೇಟಿನಲ್ಲಿ ನಿಂತಿದ್ದರು. ಡಾಕ್ಟರು ಇಲ್ಲದ ಆಸ್ಪತ್ರೆ ಯಾತಕ್ಕೆ ಎಂದು ಕೂಗಿದರು. ಪೊಲೀಸರು ಬಂದರು. ಕೂಸನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಲಗಮಪ್ಪ ಎತ್ತಿಕೊಂಡು ಹೋದ. ಮೂರನೆಯ ದಿನ ವಿಚಾರಣೆಗೆ ಮೇಲಧಿಕಾರಿ ಬರುತ್ತಾರೆಂದು ಗೊತ್ತಾಯಿತು.

ಮರುದಿನ ಮುಂಜಾನೆ ಸತ್ಯವ್ವನನ್ನು ಆಫೀಸಿಗೆ ಕರೆದರು. ದೊಡ್ಡ ಡಾಕ್ಟರು, ಅನ್ನಪೂರ್ಣಾ, ಗುಮಾಸ್ತ ಸೋಮಪ್ಪ ಇದ್ದರು. ಸತ್ಯವ್ವನಿಗೆ ಕುರ್ಚಿ ಇತ್ತು. ಆ ಕೋಣೆಯಲ್ಲಿ ಅವಳಿಗೆ ಕುರ್ಚಿ ಕೊಟ್ಟದ್ದು ಅದೇ ಮೊದಲು. ಅವಳಿಗೆ ಹೆದರಿಕೆಯಾಯಿತು.

ಸೋಮಪ್ಪ ಒಂದು ಟೈಪು ಮಾಡಿದ ಹಾಳೆಯನ್ನು ಮುಂದೆ ಸರಿಸಿದ. ಸತ್ಯವ್ವ ಓದಿದಳು. ಮಗುವನ್ನು ಆಸ್ಪತ್ರೆಗೆ ತರುವಾಗಲೇ ಪ್ರಾಣ ಹೋಗಿತ್ತು. ಪಾಲಕರ ಅಲಕ್ಷ್ಯದಿಂದ ಮಗು ಶೇಂಗಾ ನುಂಗಿತ್ತು, ತರುವುದಕ್ಕೆ ತಡ ಮಾಡಿದ್ದರು. ತರಬೇತಿ ಪಡೆದ ಶುಶ್ರೂಷಕಿ ತಾನು ಕಲಿತ ವಿಧಾನದಲ್ಲೇ ಪ್ರಯತ್ನಿಸಿದರೂ ಫಲ ಸಿಗಲಿಲ್ಲ. ಕೆಳಗೆ ಸತ್ಯವ್ವನ ಹೆಸರು. ಸಹಿಗೆ ಜಾಗ.

"ಸಹಿ ಮಾಡವಾ," ಎಂದರು ಡಾಕ್ಟರು. "ಇದು ನಿನ್ನ ಒಳ್ಳೇದಕ್ಕ ಐತಿ. ಯಾರಿಗೂ ಏನೂ ಆಗೂದಿಲ್ಲ."

"ಬಂದಾಗ ಜೀವ ಇತ್ತರಿ, ಸರ್. ಕಾಲು ಒದೀತಿತ್ತು."

ಡಾಕ್ಟರು ಸೋಮಪ್ಪನ ಕಡೆ ನೋಡಿದರು. ಸತ್ಯವ್ವ ಮುಂದುವರಿಸಿದಳು. ತಾನು ತರಬೇತಿ ಪಡೆದಿಲ್ಲ, ಪಡೆದೆ ಎಂದು ಹೇಗೆ ಬರೆದಿರಿ ಎಂದು ಕೇಳಿದಳು.

ಸೋಮಪ್ಪ ಕಪಾಟಿನಿಂದ ಹಾಜರಿ ಪುಸ್ತಕ ತೆಗೆದ. ಜನವರಿಯ ಎರಡು ದಿನ. ಹದಿನೈದು ಹೆಸರು. ಹನ್ನೊಂದನೆಯದು ಸತ್ಯವ್ವ ಮಾದರ. ಎರಡೂ ದಿನ, ಮುಂಜಾನೆ ಒಂದು, ಮಧ್ಯಾಹ್ನ ಒಂದು, ಒಟ್ಟು ನಾಲ್ಕು ಸಹಿ. ಇಂಗ್ಲಿಷಿನಲ್ಲಿ. ಅಂಕುಡೊಂಕಾಗಿ. ಅವಳಂಥವಳು ಇಂಗ್ಲಿಷಿನಲ್ಲಿ ಬರೆದರೆ ಹೇಗೆ ಬರೆದಾಳು ಎಂದು ಯಾರೋ ಊಹಿಸಿ ಬರೆದ ಹಾಗೆ ಇತ್ತು. ಸತ್ಯವ್ವ ಅಕ್ಷರ ಕಲಿತಾಗಿನಿಂದ ಕನ್ನಡದಲ್ಲೇ ಸಹಿ ಮಾಡಿದವಳು. ಅಕ್ಷರ ದುಂಡಗೆ.

ಇದು ನನ್ನ ಸಹಿ ಅಲ್ಲ ಎಂದಳು. ಎಲ್ಲ ಕಡೆ ಹೀಗೇ ಮಾಡುತ್ತಾರೆ, ನೂರಕ್ಕೆ ನೂರು ತರಬೇತಿ ಎಂದು ತೋರಿಸಬೇಕಿತ್ತು, ಅದಕ್ಕಾಗಿ ಬರೆದದ್ದು ಎಂದು ಸೋಮಪ್ಪ ಹೇಳಿದ. ಬೈಯಲಿಲ್ಲ. ಮಗುವಿಗೆ ತಿಳಿಸಿ ಹೇಳುವ ಹಾಗೆ ಹೇಳಿದ. ಸಹಿ ಮಾಡದಿದ್ದರೆ ಪುಸ್ತಕ ಇರುವುದು ಹೀಗೇ. ಮಗು ಜೀವಂತ ಬಂತು, ನರ್ಸಿಗೆ ತರಬೇತಿ ಆಗಿತ್ತು, ಆದರೂ ಮಗು ಸತ್ತಿತು. ಹಾಗಾದರೆ ತಪ್ಪು ಯಾರದು? ಅದನ್ನು ನೀನೇ ಯೋಚನೆ ಮಾಡು ಎಂದ.

ಒಂದು ದಿನ ಟೈಮು ಕೊಟ್ಟರು.

ಅವಳು ಆಫೀಸಿನಿಂದ ಹೊರಗೆ ಬಂದು ಅನ್ನಪೂರ್ಣಾಳ ಹಿಂದೆಯೇ ಸಾಮಾನಿನ ಕೋಣೆಗೆ ಹೋದಳು. ಬಾಗಿಲು ಹಾಕಿದಳು. ಅನ್ನಪೂರ್ಣಾ ಗಾಬರಿಯಾದಳು. ಸತ್ಯವ್ವ ಜಗಳಕ್ಕೆ ಬಂದಿರಲಿಲ್ಲ. ಒಂದೇ ಮಾತು ಕೇಳಿದಳು.

"ಅಕ್ಕಾರ, ಏನ್ ಮಾಡಬೇಕಿತ್ತು?"

ಅನ್ನಪೂರ್ಣಾ ತನ್ನ ಎಡ ಮುಂಗೈಯನ್ನು ಮುಂದೆ ಚಾಚಿ ಓರೆ ಮಾಡಿದಳು. ಕೂಸನ್ನು ಹೀಗೆ ಬೋರಲು ಹಾಕಿಕೊಳ್ಳಬೇಕು. ತಲೆ ಕೆಳಗೆ ಇರಬೇಕು. ದವಡೆಯನ್ನು ಬೆರಳಲ್ಲಿ ಹಿಡಿಯಬೇಕು. ಬೆನ್ನಿನ ಮೇಲೆ, ಎರಡೂ ಹೆಗಲ ಎಲುಬಿನ ನಡುವೆ, ಅಂಗೈಯ ಬುಡದಿಂದ ಐದು ಏಟು. ಬರದಿದ್ದರೆ ಹೊರಳಿಸಿ ಎದೆಯ ನಡುವೆ ಎರಡು ಬೆರಳಿನಿಂದ ಐದು ಸಲ ಅದುಮಬೇಕು. ಮತ್ತೆ ಬೆನ್ನು. ಬೀಜ ಹೊರಗೆ ಬರುವ ತನಕ, ಇಲ್ಲ ಕೂಸಿಗೆ ಎಚ್ಚರ ತಪ್ಪುವ ತನಕ.

"ಬಾಯಾಗ ಬಟ್ಟು?" ಎಂದಳು ಸತ್ಯವ್ವ.

ಅನ್ನಪೂರ್ಣಾ ನೆಲ ನೋಡಿದಳು. "ಕಣ್ಣಿಗೆ ಕಂಡ್ರಷ್ಟ ತಗೀಬೇಕು. ಕಾಣದಿದ್ರ ಹಾಕಬಾರದು. ಒಳಗ ಸರೀತೈತಿ." ಮೊದಲನೆಯ ದಿನದ ಮೊದಲನೆಯ ತಾಸಿನಲ್ಲೇ ಇದನ್ನು ಹೇಳಿಕೊಟ್ಟರು ಎಂದಳು.

ಸತ್ಯವ್ವ ತನ್ನ ತೋರುಬೆರಳನ್ನು ನೋಡಿಕೊಂಡಳು. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಸಾಮಾನಿನ ಕೋಣೆಯ ನೆಲದ ಮೇಲೆ ಕೂತಳು. ಐದು ವರ್ಷ ನರ ಹುಡುಕಿದ ಬೆರಳು. ಮೊದಲನೆಯ ತಾಸಿನ ಪಾಠ.

ಆ ಮಧ್ಯಾಹ್ನ ಚನ್ನವ್ವನ ಜೊತೆ ಟೆಂಪೋ ಹತ್ತಿ ಹೊಳೆದಂಡೆಯ ಊರಿಗೆ ಹೋದಳು. ಚನ್ನವ್ವ ಅದೇ ಊರಿನವಳು. ಹೋಗಬೇಡ, ಹೊಡೆದಾರು ಎಂದು ದಾರಿಯುದ್ದಕ್ಕೂ ಹೇಳಿದಳು. ಶಟ್ಟೆವ್ವನ ಮನೆಯ ಮುಂದೆ ಹೆಂಗಸರು ಕೂತಿದ್ದರು. ಅತ್ತೆ ಒಳಗಿನಿಂದ, ರಾಶಿಯ ಹತ್ತಿರ ಕೂಸನ್ನು ಕೂಡಿಸುವವಳು ಇವಳೆಂಥ ತಾಯಿ ಎಂದು ಸೊಸೆಯನ್ನು ಬೈಯುತ್ತಿದ್ದಳು. ಬೈಗುಳ ಬೀದಿಗೆ ಕೇಳುತ್ತಿತ್ತು. ನಿನ್ನೆ ಸಂಜೆಯಿಂದ ಕೇಳುತ್ತಿತ್ತು ಎಂದು ಯಾರೋ ಹೇಳಿದರು.

ಸತ್ಯವ್ವ ಅಂಗಳದಲ್ಲಿ ನಿಂತಳು. ಯಾರೂ ಒಳಗೆ ಕರೆಯಲಿಲ್ಲ. ಅವಳು ಯಾವ ಕೇರಿಯವಳು ಎಂದು ಎಲ್ಲರಿಗೂ ಗೊತ್ತಿತ್ತು. ಶಟ್ಟೆವ್ವ ಹೊಸ್ತಿಲಿಗೆ ಬಂದಳು. ಎದೆ ಹಾಲು ಸೋರಿ ಕುಪ್ಪಸ ಒದ್ದೆಯಾಗಿತ್ತು. ಕುಡಿಯುವ ಬಾಯಿ ಇರಲಿಲ್ಲ.

ಸತ್ಯವ್ವ ಎಲ್ಲವನ್ನೂ ಹೇಳಿದಳು. ಬಂದಾಗ ಕೂಸಿಗೆ ಜೀವ ಇತ್ತು. ನೀವು ತಡ ಮಾಡಲಿಲ್ಲ. ಏನು ಮಾಡಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ನನ್ನ ಬೆರಳು ತಾಗಿ ಬೀಜ ಒಳಗೆ ಹೋಯಿತು. ಗೊತ್ತಿದ್ದವರು ಇದ್ದಿದ್ದರೆ ಕೂಸು ಉಳಿಯುತ್ತಿತ್ತೇನೋ. ನನಗೆ ಕಲಿಸಿರಲಿಲ್ಲ. ಕಲಿತೆ ಎಂದು ಬರೆದಿದ್ದಾರೆ. ನಾಳೆ ನಿಮ್ಮನ್ನೂ ಕರೆಯುತ್ತಾರೆ. ಸತ್ತ ಕೂಸನ್ನು ತಂದಿರಿ ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಹೇಳುತ್ತಾರೆ.

ಒಳಗಿನ ಬೈಗುಳ ನಿಂತಿತು.

"ನಿನ್ನ ಬಟ್ಟು," ಎಂದಳು ಶಟ್ಟೆವ್ವ.

"ಹೌದವಾ. ನನ್ನ ಬಟ್ಟು."

ಶಟ್ಟೆವ್ವ ಬಗ್ಗಿ ಅಂಗಳದ ಮಣ್ಣನ್ನು ಎರಡೂ ಕೈಯಲ್ಲಿ ತುಂಬಿಕೊಂಡು ಸತ್ಯವ್ವನ ಮುಖಕ್ಕೆ ಎಸೆದಳು. ಕಣ್ಣಿಗೆ ಹೋಯಿತು. ಬಾಯಿಗೆ ಹೋಯಿತು. ಸತ್ಯವ್ವ ಕೈ ಅಡ್ಡ ಹಿಡಿಯಲಿಲ್ಲ. ಹೊರಟು ಹೋಗು ಎಂದು ಶಟ್ಟೆವ್ವ ಹೇಳಿದಳು. ಸತ್ಯವ್ವ ನಿಂತೇ ಇದ್ದಳು. ಹೊರಟು ಹೋಗು ಎಂದು ಶಟ್ಟೆವ್ವ ಮತ್ತೆ ಹೇಳಿದಳು. ಚನ್ನವ್ವ ಕೈ ಹಿಡಿದು ಎಳೆದುಕೊಂಡು ಹೋದಳು.

ಮುನವಳ್ಳಿಯ ಮನೆಯಲ್ಲಿ ತಾಯಿ ಯಲ್ಲವ್ವ ಮಗಳ ಕಣ್ಣು ತೊಳೆದಳು. ಯಲ್ಲವ್ವ ನಲವತ್ತು ವರ್ಷ ಮಂದಿಯ ದನದ ಸಗಣಿ ಬಾಚಿ ಮಗಳನ್ನು ಓದಿಸಿದವಳು. ಸಹಿ ಮಾಡಿಬಿಡು, ಕೂಸು ಹೋದದ್ದು ಹೋಯಿತು, ನೌಕರಿ ಉಳಿಯಲಿ ಎಂದಳು. ಸತ್ಯವ್ವ ತಾಯಿಯ ಮಾತಿಗೆ ಸಿಟ್ಟಾಗಲಿಲ್ಲ. ಅವಳೂ ಅದನ್ನೇ ಯೋಚಿಸಿದ್ದಳು. ಸಹಿ ಮಾಡಿದರೆ ತನ್ನ ಬೆರಳಿನ ಸುದ್ದಿ ಯಾರಿಗೂ ಗೊತ್ತಾಗುವುದಿಲ್ಲ. ಡಾಕ್ಟರೂ ಉಳಿಯುತ್ತಾರೆ, ಸೋಮಪ್ಪನೂ ಉಳಿಯುತ್ತಾನೆ, ತಾನೂ ಉಳಿಯುತ್ತೇನೆ. ಎಲ್ಲರ ತಪ್ಪೂ ಆ ಒದ್ದೆ ಕುಪ್ಪಸದ ಹೆಂಗಸಿನ ತಲೆಯ ಮೇಲೆ ಕೂರುತ್ತದೆ. ಜನ್ಮವಿಡೀ ಕೂರುತ್ತದೆ.

ವಿಚಾರಣೆಯ ದಿನ ಮೇಲಧಿಕಾರಿ ಹನ್ನೊಂದಕ್ಕೆ ಬಂದರು. ದೊಡ್ಡ ಡಾಕ್ಟರ ಕುರ್ಚಿಯಲ್ಲಿ ಕೂತರು. ಮೇಜಿನ ಮೇಲೆ ಹಾಜರಿ ಪುಸ್ತಕ, ಟೈಪು ಮಾಡಿದ ಎರಡು ಹಾಳೆ. ಒಂದು ಸತ್ಯವ್ವನಿಗೆ, ಒಂದು ತಂದೆ ತಾಯಿಗೆ. ಲಗಮಪ್ಪ, ಶಟ್ಟೆವ್ವ ಗೋಡೆಗೆ ಹತ್ತಿ ನಿಂತಿದ್ದರು. ಪಕ್ಕದಲ್ಲಿ ಒಬ್ಬ ಪೊಲೀಸ. ಶಟ್ಟೆವ್ವ ಸತ್ಯವ್ವನ ಕಡೆ ನೋಡಲಿಲ್ಲ.

ಅಧಿಕಾರಿ ಸತ್ಯವ್ವನಿಗೆ ಪೆನ್ನು ಕೊಟ್ಟರು. ಅವಳು ಪೆನ್ನು ತೆಗೆದುಕೊಂಡಳು. ಟೈಪು ಮಾಡಿದ ಹಾಳೆಯನ್ನು ಬದಿಗೆ ಸರಿಸಿದಳು. ತನ್ನ ಚೀಲದಿಂದ ಒಂದು ಬಿಳಿ ಹಾಳೆ ತೆಗೆದು, ಮೇಜಿನ ಅಂಚಿಗೆ ಇಟ್ಟು, ನಿಂತುಕೊಂಡೇ ಬರೆಯತೊಡಗಿದಳು. ಏನು ಬರೆಯುತ್ತಿದ್ದೀ ಎಂದು ಡಾಕ್ಟರು ಕೇಳಿದರು. ಅವಳು ತಲೆ ಎತ್ತಲಿಲ್ಲ. ಸೋಮಪ್ಪ ಹಾಳೆಗೆ ಕೈ ಹಾಕಿದ. ಅವಳು ಎಡಗೈಯನ್ನು ಹಾಳೆಯ ಮೇಲೆ ಒತ್ತಿ ಹಿಡಿದಳು. ಮುಂಗೈಯ ಹೊಲಿಗೆ ಇನ್ನೂ ಹಸಿಯಾಗಿತ್ತು. ಸೋಮಪ್ಪ ಕೈ ಹಿಂದೆ ತೆಗೆದುಕೊಂಡ.

ಬರೆದು ಮುಗಿಸಿ ಅವಳೇ ಗಟ್ಟಿಯಾಗಿ ಓದಿದಳು.

"ಮಗು ಬಂದಾಗ ಜೀವ ಇತ್ತು. ಪಾಲಕರು ತಡ ಮಾಡಿಲ್ಲ. ಮಗುವಿನ ಬಾಯಲ್ಲಿ ನಾನು ಬೆರಳು ಹಾಕಿದೆ. ಹಾಕಬಾರದಿತ್ತು. ನನಗೆ ಗೊತ್ತಿರಲಿಲ್ಲ. ಮಕ್ಕಳ ಪ್ರಾಣ ಉಳಿಸುವ ತರಬೇತಿಗೆ ನನ್ನನ್ನು ಯಾವ ವರ್ಷವೂ ಪೂರ್ತಿ ಕೂಡಿಸಿಲ್ಲ. ಮೊದಲನೆಯ ವರ್ಷ ಗೊಂಬೆಗೆ ಬಾಯಿ ಹಚ್ಚುವ ಸಾಲಿನಿಂದ ನನ್ನನ್ನು ತೆಗೆದರು. ನಾನು ಮಾದರ ಜಾತಿಯವಳು. ಹಾಜರಿ ಪುಸ್ತಕದಲ್ಲಿರುವ ನಾಲ್ಕೂ ಸಹಿ ನನ್ನವಲ್ಲ. ಮಗುವಿನ ಮಾಸ್ಕು ಕೀಲಿ ಹಾಕಿದ ಬೀರುವಿನಲ್ಲಿತ್ತು. ಸತ್ಯವ್ವ ಮಾದರ."

ಅಧಿಕಾರಿ ಕನ್ನಡಕ ತೆಗೆದು ಒರೆಸಿದರು. ಜಾತಿಯ ಮಾತು ಇದರಲ್ಲಿ ಯಾಕೆ ಎಂದು ಮೆಲ್ಲಗೆ ಕೇಳಿದರು. ಅದನ್ನು ನಾನು ತಂದದ್ದಲ್ಲ, ಮೂರು ವರ್ಷದಿಂದ ಇಲ್ಲೇ ಇತ್ತು ಎಂದು ಸತ್ಯವ್ವ ಹೇಳಿದಳು. ಹೀಗೆ ಬರೆದುಕೊಟ್ಟರೆ ನಿನ್ನ ತಪ್ಪನ್ನು ನೀನೇ ಒಪ್ಪಿಕೊಂಡ ಹಾಗೆ, ಕೇಸು ಆಗಬಹುದು, ಗೊತ್ತಿದೆಯೇ ಎಂದರು.

"ಗೊತ್ತೈತರಿ. ನನ್ನ ತಪ್ಪು ನಾ ಬರಕೊಟ್ಟೇನಿ. ಉಳದವರ ತಪ್ಪು ಅವರು ಬರೀಲಿ."

ಅನ್ನಪೂರ್ಣಾ ಬಾಗಿಲ ಹತ್ತಿರ ನಿಂತಿದ್ದಳು. ಅಧಿಕಾರಿ ಅವಳ ಕಡೆ ತಿರುಗಿ, ಈಕೆ ತರಬೇತಿಯಲ್ಲಿ ಇದ್ದಳೋ ಇಲ್ಲವೋ ಎಂದು ಕೇಳಿದರು. ಅನ್ನಪೂರ್ಣಾ ಹಾಜರಿ ಪುಸ್ತಕವನ್ನು ನೋಡಿದಳು. ನೆನಪಿಲ್ಲ ಎಂದಳು.

ಹಾಗಾದರೆ ಈ ಹೇಳಿಕೆಗೆ ಸಾಕ್ಷಿ ಇಲ್ಲ ಎಂದರು ಅಧಿಕಾರಿ. ಸತ್ಯವ್ವನ ಹಾಳೆಯನ್ನು ಫೈಲಿನ ಹೊರಗೆ ಇಟ್ಟು, ತಂದೆ ತಾಯಿಯ ಹಾಳೆಯನ್ನು ಎಳೆದುಕೊಂಡರು. ಸೋಮಪ್ಪ ನೀಲಿ ಶಾಯಿಯ ಡಬ್ಬಿ ತೆರೆದು ಲಗಮಪ್ಪನ ಮುಂದೆ ಹಿಡಿದ. ಲಗಮಪ್ಪ ಅಧಿಕಾರಿಯನ್ನು ನೋಡಿದ, ಪೊಲೀಸನನ್ನು ನೋಡಿದ, ಹೆಬ್ಬೆಟ್ಟು ಚಾಚಿದ.

ಶಟ್ಟೆವ್ವ ಗಂಡನ ಕೈಯನ್ನು ಕೆಳಗೆ ತಳ್ಳಿದಳು. ಮೇಜಿನ ಹತ್ತಿರ ಬಂದಳು. ಅವಳಿಗೆ ಓದು ಬರುವುದಿಲ್ಲ. ಆದರೆ ಯಾವ ಹಾಳೆಯನ್ನು ಬದಿಗೆ ಇಟ್ಟಿದ್ದಾರೆ ಎಂಬುದನ್ನು ನೋಡಿದ್ದಳು. ಅದನ್ನು ಎತ್ತಿಕೊಂಡಳು.

"ಈಕಿನ್ನ ನಾ ಮಾಫ್ ಮಾಡಿಲ್ಲರಿ, ಸಾಹೇಬ್ರ," ಎಂದಳು. "ಮಾಡೂದೂ ಇಲ್ಲ. ಆದ್ರ ಈಕಿ ಬರದದ್ದು ಖರೇ ಐತಿ. ನಾ ಸತ್ತ ಕೂಸು ಹೊತ್ತಗೊಂಡ ಬಂದಿದ್ದಿಲ್ಲ. ನನ್ನ ಕೊರಳ ಹಿಡಕೊಂಡಿತ್ತು."

ಡಬ್ಬಿಯಲ್ಲಿ ಹೆಬ್ಬೆಟ್ಟು ಅದ್ದಿ ಸತ್ಯವ್ವನ ಹೆಸರಿನ ಕೆಳಗೆ ಒತ್ತಿದಳು. ಬಹಳ ಹೊತ್ತು ಒತ್ತಿ ಹಿಡಿದಳು. ಬೆರಳು ಎತ್ತಿದಾಗ ಗುರುತು ಹರಡಿ ದೊಡ್ಡದಾಗಿತ್ತು. ಆಮೇಲೆ ಲಗಮಪ್ಪ ಒತ್ತಿದ. ಬಾಗಿಲ ಹೊರಗೆ ನಿಂತಿದ್ದ ಚನ್ನವ್ವ ಕರೆಯದೆಯೇ ಒಳಗೆ ಬಂದು ಒತ್ತಿದಳು. ಬೀರುವಿಗೆ ಕೀಲಿ ಇದ್ದದ್ದನ್ನು ಕಣ್ಣಾರೆ ಕಂಡವಳು ಅವಳು. ಹಾಳೆ ತಲುಪಿತು ಎಂದು ಆಫೀಸಿನ ಸಿಕ್ಕಾ ಹೊಡೆದು ಕೊಡುವ ತನಕ ಶಟ್ಟೆವ್ವ ಆ ಕೋಣೆಯಿಂದ ಕದಲಲಿಲ್ಲ.

ಆಮೇಲೆ ಆದದ್ದು ಇಷ್ಟು. ಹಾಜರಿ ಪುಸ್ತಕವನ್ನು ಅಧಿಕಾರಿ ಕಟ್ಟಿಕೊಂಡು ಹೋದರು. ಸೋಮಪ್ಪನನ್ನು ಬೇರೆ ಆಸ್ಪತ್ರೆಗೆ ಹಾಕಿದರು. ಅಲ್ಲೂ ಅವನದು ಅದೇ ಕುರ್ಚಿ. ದೊಡ್ಡ ಡಾಕ್ಟರಿಗೆ ಒಂದು ನೋಟಿಸು ಬಂತು. ಉತ್ತರ ಕೊಟ್ಟರು. ಸತ್ಯವ್ವನಿಗೂ ನೋಟಿಸು ಬಂತು. ಅದರಲ್ಲಿ ಮಗುವಿನ ಸಾವಿನ ಜೊತೆಗೆ, ಸರ್ಕಾರಿ ಬೀರುವಿನ ಗಾಜು ಒಡೆದದ್ದೂ ಇತ್ತು. ಡಿಸೆಂಬರಿಗೆ ಅವಳ ಗುತ್ತಿಗೆ ಮುಗಿಯಿತು. ಮುಂದುವರಿಸಲಿಲ್ಲ. ಅವಳು ಜಿಲ್ಲೆಯ ಮೇಲಿನ ಆಫೀಸಿಗೆ ಅರ್ಜಿ ಹಾಕಿದಳು. ಪರಿಶಿಷ್ಟ ಜಾತಿಗಳ ಆಯೋಗಕ್ಕೆ ಹಾಕಿದಳು. ಅವು ಇನ್ನೂ ನಡೆಯುತ್ತಿವೆ. ಬೈಲಹೊಂಗಲದ ಒಂದು ಖಾಸಗಿ ದವಾಖಾನೆಯಲ್ಲಿ ಈಗ ಕೆಲಸ ಮಾಡುತ್ತಾಳೆ. ನೆಲ ಒರೆಸುವುದೂ ಅವಳದೇ. ಸೇರುವ ಮೊದಲು ಒಂದು ಷರತ್ತು ಹಾಕಿದಳು, ತನಗೆ ಮಕ್ಕಳ ಉಸಿರಿನ ವಿದ್ಯೆಯನ್ನು ಕೈ ಹಿಡಿದು ಕಲಿಸಬೇಕು ಎಂದು. ಅಲ್ಲಿಯ ಮಕ್ಕಳ ಡಾಕ್ಟರು ಕಲಿಸಿದರು. ಎದೆ ಎಷ್ಟು ಆಳಕ್ಕೆ ಅದುಮಬೇಕು ಎಂಬುದು ಈಗ ಅವಳ ಬೆರಳಿಗೆ ಗೊತ್ತು. ಗೊತ್ತಾದ ದಿನ ಅವಳು ಊಟ ಮಾಡಲಿಲ್ಲ.

ಫೆಬ್ರುವರಿಯಲ್ಲಿ, ಜೋಳ ಕೊಯ್ಯುವ ಹೊತ್ತಿಗೆ, ಚನ್ನವ್ವನ ಕೈಯಲ್ಲಿ ಶಟ್ಟೆವ್ವ ಹೇಳಿ ಕಳಿಸಿದಳು. ಬರಬೇಕಂತೆ. ಯಾತಕ್ಕೆ ಎಂದು ಹೇಳಿರಲಿಲ್ಲ. ಸತ್ಯವ್ವ ರವಿವಾರ ಹೋದಳು.

ಅದೇ ಅಂಗಳ. ಹತ್ತು ಹನ್ನೆರಡು ಹೆಂಗಸರು ಇದ್ದರು. ಶಟ್ಟೆವ್ವನ ನಾದಿನಿ ಸಿದ್ದಲಿಂಗವ್ವ ಕೂಸಿನ ಜೊತೆ ತವರಿಗೆ ಬಂದಿದ್ದಳು. ಅವಳ ಕಂಕುಳಲ್ಲಿ ಆರು ತಿಂಗಳ ಹೆಣ್ಣು ಕೂಸು. ಶಟ್ಟೆವ್ವ ಒಳಗಿನಿಂದ ಒಂದು ಹಳೆಯ ಕೌದಿ ತಂದು, ಸುತ್ತಿ, ಎರಡು ಕಡೆ ದಾರದಿಂದ ಬಿಗಿದು, ಸತ್ಯವ್ವನ ಮುಂದೆ ಹಿಡಿದಳು.

"ಹೆಂಗ ಮಾಡಬೇಕಿತ್ತು, ತೋರ್ಸು," ಎಂದಳು.

ಸತ್ಯವ್ವ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಕೌದಿಯನ್ನು ಮುಂಗೈಯ ಮೇಲೆ ಬೋರಲು ಹಾಕಿಕೊಂಡಳು. ಇದು ತಲೆ, ಇದು ಬೆನ್ನು ಎಂದಳು. ಒಂದು ವರ್ಷದೊಳಗಿನ ಕೂಸಿಗೆ ಹೀಗೆ. ಅದಕ್ಕಿಂತ ದೊಡ್ಡದಾದರೆ ಬೇರೆ, ಅದನ್ನು ಆಮೇಲೆ ತೋರಿಸುತ್ತೇನೆ ಎಂದಳು. ಅಂಗೈಯ ಬುಡದಿಂದ ಐದು ಸಲ ಹೊಡೆದಳು. ಹೊರಳಿಸಿದಳು. ಎರಡು ಬೆರಳಿಟ್ಟು ಐದು ಸಲ ಅದುಮಿದಳು. ಕಾಣದ ವಸ್ತುವಿಗೆ ಬಾಯಲ್ಲಿ ಬೆರಳು ಹಾಕಬಾರದು ಎಂದು ಹೇಳಿದಳು. ಹೇಳುವಾಗ ಅವಳ ದನಿ ಒಡೆಯಿತು. ಹೆಂಗಸರು ಕಾದರು. ಅವಳು ಮತ್ತೊಮ್ಮೆ ಹೇಳಿದಳು.

ಆಮೇಲೆ ಕೌದಿಯನ್ನು ಶಟ್ಟೆವ್ವ ತೆಗೆದುಕೊಂಡಳು. ಮುಂಗೈಯ ಮೇಲೆ ಬೋರಲು ಹಾಕಿಕೊಂಡಳು. ಅವಳ ಮೊದಲ ಏಟು ಮೆತ್ತಗಿತ್ತು. ಮಗುವನ್ನು ತಟ್ಟಿ ಮಲಗಿಸುವ ಹಾಗಿತ್ತು.

"ಇಷ್ಟ ಸಾಲೂದಿಲ್ಲವಾ. ಜೋರ್ ಹೊಡೀಬೇಕು."

ಶಟ್ಟೆವ್ವ ಜೋರಾಗಿ ಹೊಡೆದಳು. ಕೌದಿಯಿಂದ ಧೂಳು ಎದ್ದಿತು. ಎರಡು. ಮೂರು. ನಾಲ್ಕು. ಐದು. ಐದಕ್ಕೆ ನಿಲ್ಲಲಿಲ್ಲ. ಆರು. ಏಳು. ಹೊಡೆಯುತ್ತಲೇ ಹೋದಳು. ತಲೆಯ ಸೆರಗು ಜಾರಿತು. ಬಾಯಿಂದ ಮಾತಲ್ಲದ ಒಂದು ಸದ್ದು ಬರುತ್ತಿತ್ತು. ಯಾರೂ ಅವಳನ್ನು ತಡೆಯಲಿಲ್ಲ. ಸತ್ಯವ್ವನೂ ತಡೆಯಲಿಲ್ಲ. ತಾನಾಗಿ ಕೈ ಸೋತಾಗ ಶಟ್ಟೆವ್ವ ನಿಂತಳು.

ಸಿದ್ದಲಿಂಗವ್ವ ಕಂಕುಳಿನ ಕೂಸನ್ನು ತನ್ನ ತಾಯಿಯ, ಶಟ್ಟೆವ್ವನ ಅತ್ತೆಯ, ತೊಡೆಯ ಮೇಲೆ ಹಾಕಿ, ಮುಂದೆ ಬಂದು ಕೂತು, ಕೌದಿಗೆ ಕೈ ಚಾಚಿದಳು.